ತಂದೆಯವರು ಕಂಪನಿಯನ್ನೇ ದಾನ ಮಾಡುತ್ತೇನೆ ಎನ್ನುತ್ತಾರೆ

ಪ್ರಶ್ನೆ: ನಮ್ಮ ತಂದೆಯವರು 1986ರಲ್ಲಿ ಬೆಳಗಾವಿಯ ಉದ್ಯಮಬಾಗದಲ್ಲಿ ನಾಲ್ಕು ಜನ ಕೆಲಸಗಾರರನ್ನು ಇಟ್ಟುಕೊಂಡು ಒಂದು ಫೌಂಡ್ರಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆ, ಆರಂಭಿಸಿದರು. ಈಗ ಅದು ಪ್ರೈವೇಟ್ ಲಿಮಿಟೆಡ್ ಕಂಪನಿ; ಅರವತ್ತು ಜನ ದುಡಿಯುತ್ತಿದ್ದಾರೆ. ತಂದೆಯವರಿಗೆ 71 ವರ್ಷ. ಅಮೆರಿಕದ ಚಕ್ ಫೀನಿ ಎಂಬ ಉದ್ಯಮಿ ತನ್ನ ಕಂಪನಿಯನ್ನೇ ಗುಟ್ಟಾಗಿ ದಾನ ಮಾಡಿದ ಸಂಗತಿ ತಿಳಿದಾಗಿನಿಂದ, ತಮ್ಮ ಎಲ್ಲ ಶೇರುಗಳನ್ನೂ ಜಮಖಂಡಿ ಕಡೆಯ ನಾಲ್ಕು ಎಕರೆ ಜಮೀನನ್ನೂ ಬಡ ಮಕ್ಕಳ ಓದಿಗಾಗಿ ಒಂದು ಟ್ರಸ್ಟಿಗೆ ಬರೆದುಕೊಡುತ್ತೇನೆ, ಹೆಸರು ಎಲ್ಲಿಯೂ ಬರಬಾರದು ಎನ್ನುತ್ತಿದ್ದಾರೆ. ನಾವು ಇಬ್ಬರು ಅಣ್ಣತಮ್ಮಂದಿರಿಗೆ ಹೆಮ್ಮೆಯೂ ಇದೆ, ಭಯವೂ ಇದೆ. ಫೀನಿಯವರ ಬದುಕು ನಿಜಕ್ಕೂ ಹೇಗಿತ್ತು? ಅವರು ಮಾಡಿದ್ದನ್ನು ನಮ್ಮಂಥವರು ಇಲ್ಲಿ ಮಾಡಲು ಸಾಧ್ಯವೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ನಿಮ್ಮ ತಂದೆಯವರ ವಯಸ್ಸು. 71ನೆಯ ವಯಸ್ಸಿನಲ್ಲಿ, ಕೈಕಾಲು ಗಟ್ಟಿ ಇರುವಾಗ, ಕೊಡಬೇಕೆಂಬ ಯೋಚನೆ ಬಂದಿರುವುದು ದೊಡ್ಡ ಮಾತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಟ್ರಸ್ಟುಗಳ ಲೆಕ್ಕಪತ್ರ ನೋಡುತ್ತ ಮೂವತ್ತು ವರ್ಷ ಕಳೆದಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನೆದುರು ಬಂದ ದಾನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೃತ್ಯುಪತ್ರದಲ್ಲಿ ಬರೆದಿಟ್ಟವು. ಬರೆದವರು ಹೋದ ಮೇಲೆ ಅವುಗಳ ಅರ್ಥವನ್ನು ಕೋರ್ಟಿನಲ್ಲಿ ಹುಡುಕಬೇಕಾಗಿ ಬಂದವೂ ಅವುಗಳಲ್ಲಿ ಇವೆ. ಫೀನಿಯವರ ಬದುಕು ನಿಮ್ಮ ತಂದೆಯವರಿಗೆ ಹಿಡಿಸಿದ್ದು ಅದರ ಗುಟ್ಟಿನಿಂದಾಗಿ ಇರಬಹುದು. ಅವರು ಕಲಿಯಬೇಕಾದದ್ದು ಮಾತ್ರ ಬೇರೆ ಎಂದು ನನಗೆ ಅನಿಸುತ್ತದೆ. ಆದ್ದರಿಂದ ಫೀನಿಯವರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಚಾರ್ಲ್ಸ್ ಫೀನಿ ಹುಟ್ಟಿದ್ದು 1931ರ ಏಪ್ರಿಲ್ 23ರಂದು, ನ್ಯೂಜೆರ್ಸಿಯ ಎಲಿಜಬೆತ್ ಎಂಬ ಊರಿನಲ್ಲಿ. ಐರಿಶ್ ಮೂಲದ ಕುಟುಂಬ. ತಂದೆ ವಿಮಾ ಕಂಪನಿಯಲ್ಲಿ ನೌಕರ, ತಾಯಿ ನರ್ಸ್. ಅಮೆರಿಕದ ಮಹಾ ಆರ್ಥಿಕ ಮುಗ್ಗಟ್ಟಿನ ಕಾಲದ ಮನೆ. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಕಾರ್ಡು ಮಾರಿದವರು. 1948ರಲ್ಲಿ ವಾಯುಪಡೆ ಸೇರಿ, ಕೊರಿಯಾ ಯುದ್ಧದ ವೇಳೆಯಲ್ಲಿ ಜಪಾನಿನಲ್ಲಿ ರೇಡಿಯೊ ಆಪರೇಟರ್ ಆಗಿದ್ದರು. ಸೇನೆಯಿಂದ ಮರಳಿದವರ ಓದಿಗೆ ಅಲ್ಲಿನ ಸರ್ಕಾರ ಕೊಡುತ್ತಿದ್ದ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾಲಯದ ಹೋಟೆಲ್ ಆಡಳಿತ ವಿಭಾಗ ಸೇರಿದರು. ಅವರ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ಕೈಖರ್ಚಿಗಾಗಿ ಹಾಸ್ಟೆಲ್ ಹುಡುಗರಿಗೆ ರಾತ್ರಿ ಸ್ಯಾಂಡ್‌ವಿಚ್ ಮಾರುತ್ತ 1956ರಲ್ಲಿ ಪದವಿ ಮುಗಿಸಿದರು. ಈ ಸರ್ಕಾರಿ ನೆರವಿನ ಸಂಗತಿಯನ್ನು ಮರೆಯಬೇಡಿ. ಮುಂದೆ ಅವರು ಕೊಟ್ಟ ಹಣದಲ್ಲಿ ದೊಡ್ಡ ಪಾಲು ವಿಶ್ವವಿದ್ಯಾಲಯಗಳಿಗೆ ಹೋದದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ತಿಳಿದಿದ್ದೇನೆ.

ವ್ಯಾಪಾರ ಶುರುವಾದದ್ದು ಯುರೋಪಿನ ಬಂದರುಗಳಲ್ಲಿ, ಅಮೆರಿಕನ್ ನೌಕಾಪಡೆಯ ನಾವಿಕರಿಗೆ ಸುಂಕವಿಲ್ಲದ ಮದ್ಯದ ಆರ್ಡರು ಹಿಡಿಯುವುದರಿಂದ. ಕಾರ್ನೆಲ್‌ನಲ್ಲಿ ಜೊತೆಗೆ ಓದಿದ್ದ ರಾಬರ್ಟ್ ಮಿಲ್ಲರ್ ಪಾಲುದಾರರಾದರು. 1960ರಲ್ಲಿ ಹಾಂಗ್‌ಕಾಂಗಿನಲ್ಲಿ ಹುಟ್ಟಿದ ಆ ಸಂಸ್ಥೆಯೇ ಡ್ಯೂಟಿ ಫ್ರೀ ಶಾಪರ್ಸ್, ಅಂದರೆ ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಗಳ ಸರಪಳಿ. ಮೊದಲ ವರ್ಷಗಳಲ್ಲಿ ಅದು ಬೆಳೆದ ವೇಗಕ್ಕೆ ಲೆಕ್ಕಪತ್ರ ಹೊಂದಲಿಲ್ಲ. ದಶಕದ ನಡುವಿನಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಸಂಸ್ಥೆಯನ್ನು ಅಲನ್ ಪಾರ್ಕರ್ ಎಂಬ ಲೆಕ್ಕಿಗರು ಬಂದು ಹಳಿಗೆ ತಂದರು, ಮುಂದೆ ಪಾಲುದಾರರೂ ಆದರು. 1964ರಲ್ಲಿ ಜಪಾನ್ ತನ್ನ ಪ್ರಜೆಗಳಿಗೆ ವಿದೇಶ ಪ್ರವಾಸಕ್ಕೆ ಅವಕಾಶ ಕೊಟ್ಟದ್ದು ಇವರ ದಿಕ್ಕನ್ನೇ ಬದಲಿಸಿತು. ಪ್ರವಾಸ ಹೋದವರು ಮನೆಯವರಿಗೆ, ಕಚೇರಿಯವರಿಗೆ ಏನಾದರೂ ತಾರದೆ ಮರಳಬಾರದು ಎಂಬುದು ಜಪಾನಿನಲ್ಲಿ ಗಟ್ಟಿಯಾದ ಪದ್ಧತಿ. ಬೆಳಗಾವಿಗೆ ಬಂದವರು ಕುಂದಾ ಕಟ್ಟಿಸಿಕೊಳ್ಳದೆ ಬಸ್ಸು ಹತ್ತುವುದಿಲ್ಲವಲ್ಲ, ಹಾಗೆ. ಜಪಾನಿನಲ್ಲಿ ಇದ್ದು ಬಂದಿದ್ದ ಫೀನಿ ಇದನ್ನು ಬಲ್ಲವರು; ಹಾಂಗ್‌ಕಾಂಗ್ ಮತ್ತು ಹವಾಯಿಯ ಅಂಗಡಿಗಳು ಈ ಪ್ರವಾಸಿಗರಿಂದಲೇ ತುಂಬಿದವು. ಸಂಸ್ಥೆಯಲ್ಲಿ ಫೀನಿ ಮತ್ತು ಮಿಲ್ಲರ್ ಪಾಲು ತಲಾ 38.75 ಪ್ರತಿಶತ, ಉಳಿದದ್ದು ಇನ್ನಿಬ್ಬರದು. 1970ರ ದಶಕ ಮುಗಿಯುವಷ್ಟರಲ್ಲಿ ಲಾಭಾಂಶವೇ ಕೋಟಿಗಟ್ಟಲೆ ಡಾಲರುಗಳಲ್ಲಿ ಬರತೊಡಗಿತ್ತು.

ಆ ಹಣ ಅವರಿಗೆ ಹಗುರ ಎನಿಸಲಿಲ್ಲ. ಹಾರ್ವೆ ಡೇಲ್ ಎಂಬ ವಕೀಲರ ಸಲಹೆಯಂತೆ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ 1889ರಲ್ಲಿ ಸಂಪತ್ತಿನ ಬಗ್ಗೆ ಬರೆದ ಪ್ರಬಂಧವನ್ನು ಓದಿದರು. ಸಿರಿವಂತನಾದವನು ತನ್ನ ಆಯುಷ್ಯದಲ್ಲಿಯೇ, ತನ್ನ ವ್ಯಾಪಾರದ ಬುದ್ಧಿಯನ್ನೇ ಬಳಸಿ, ಹಣವನ್ನು ಸಮಾಜಕ್ಕೆ ಮರಳಿಸಬೇಕು ಎಂಬುದು ಅದರ ತಿರುಳು. 1982ರಲ್ಲಿ ಫೀನಿ ಬರ್ಮುಡಾ ದ್ವೀಪದಲ್ಲಿ ಅಟ್ಲಾಂಟಿಕ್ ಫೌಂಡೇಶನ್ ಸ್ಥಾಪಿಸಿದರು. 1984ರ ನವೆಂಬರ್‌ನಲ್ಲಿ ತಮ್ಮ 38.75 ಪ್ರತಿಶತ ಪಾಲನ್ನೂ ಇತರ ಉದ್ಯಮಗಳನ್ನೂ ಮರಳಿ ಪಡೆಯಲಾಗದಂತೆ ಅದಕ್ಕೆ ಬರೆದುಕೊಟ್ಟರು. ತಮಗೆಂದು ಉಳಿಸಿಕೊಂಡದ್ದು 50 ಲಕ್ಷ ಡಾಲರಿಗಿಂತ ಕಡಿಮೆ. ಆಗ ಅವರ ವಯಸ್ಸು 53. ಬರ್ಮುಡಾ ಏಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಏಳಬಹುದು. ಅಮೆರಿಕದ 1969ರ ಕಾನೂನು ಖಾಸಗಿ ದತ್ತಿ ಸಂಸ್ಥೆಯೊಂದು ಒಂದು ಉದ್ಯಮದಲ್ಲಿ ಎಷ್ಟು ಪಾಲು ಹೊಂದಬಹುದು ಎಂಬುದಕ್ಕೆ ಮಿತಿ ಹಾಕಿತ್ತು. ಲೆಕ್ಕಗಳನ್ನು ಬಹಿರಂಗಪಡಿಸಬೇಕೆಂಬ ನಿಯಮವೂ ಇತ್ತು. ಹೊರದೇಶದಲ್ಲಿ ಸಂಸ್ಥೆ ಇಟ್ಟದ್ದರಿಂದ ಇವೆರಡೂ ತಪ್ಪಿದವು, ಆದರೆ ದಾನಕ್ಕೆ ಸಿಗಬೇಕಾದ ತೆರಿಗೆ ವಿನಾಯಿತಿಯನ್ನು ಅವರು ಬಿಟ್ಟುಕೊಡಬೇಕಾಯಿತು. ವಿನಾಯಿತಿಗಾಗಿ ದಾನ ಮಾಡುವವರನ್ನೇ ಹೆಚ್ಚಾಗಿ ಕಂಡಿರುವ ನನ್ನಂಥವನಿಗೆ ಇದು ಚಿಕ್ಕ ಸಂಗತಿಯಲ್ಲ.

ಮುಂದಿನ ಹದಿಮೂರು ವರ್ಷ ಈ ವಿಷಯ ಹೊರಗೆ ಬರಲಿಲ್ಲ. 1988ರಲ್ಲಿ ಫೋರ್ಬ್ಸ್ ಪತ್ರಿಕೆ ಅಮೆರಿಕದ ಸಿರಿವಂತರ ಪಟ್ಟಿಯಲ್ಲಿ ಅವರನ್ನು 23ನೆಯ ಸ್ಥಾನದಲ್ಲಿ ಹೆಸರಿಸಿದಾಗ, ಆ ಸಂಪತ್ತು ಅವರ ಕೈಬಿಟ್ಟು ನಾಲ್ಕು ವರ್ಷವಾಗಿತ್ತು. ಹಣ ಪಡೆದ ಸಂಸ್ಥೆಗಳಿಗೆ ಕೊಟ್ಟವರು ಯಾರೆಂದು ತಿಳಿಸುತ್ತಿರಲಿಲ್ಲ. ಯಾವ ಕಟ್ಟಡದ ಮೇಲೆಯೂ ಅವರ ಹೆಸರು ಇರಲಿಲ್ಲ. 1997ರಲ್ಲಿ ಡ್ಯೂಟಿ ಫ್ರೀ ಸಂಸ್ಥೆಯ ಪಾಲನ್ನು ಫ್ರಾನ್ಸಿನ ಎಲ್‌ವಿಎಂಎಚ್ ಕಂಪನಿಗೆ ಮಾರುವಾಗ ಪಾಲುದಾರರ ನಡುವೆ ವ್ಯಾಜ್ಯ ಎದ್ದಿತು. ಕೋರ್ಟಿನ ಕಾಗದಗಳಲ್ಲಿ ವಿಷಯ ಹೊರಬೀಳುವುದು ಖಚಿತವಾದ್ದರಿಂದ ಅವರೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ತಿಳಿಸಿದರು. ಮಾರಾಟದಿಂದ ಫೌಂಡೇಶನ್ನಿಗೆ ಬಂದದ್ದು ಸುಮಾರು 163 ಕೋಟಿ ಡಾಲರ್.

ನಿಮ್ಮ ತಂದೆಯವರು ಈ ಗುಟ್ಟನ್ನೇ ದಾನದ ಜೀವಾಳ ಎಂದು ತಿಳಿದಂತಿದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತಿನಲ್ಲಿ ಬೆಳೆದವರು ನಾವೆಲ್ಲ; ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಫೀನಿಯವರೇ ಮುಂದೆ ಈ ನಿಲುವನ್ನು ಸಡಿಲಿಸಿದರು. ಬೇರೆ ಸಿರಿವಂತರೂ ಕೊಡುವಂತಾಗಬೇಕು ಎಂಬ ಕಾರಣಕ್ಕೆ 2007ರಲ್ಲಿ ತಮ್ಮ ಜೀವನಚರಿತ್ರೆ ಪ್ರಕಟವಾಗಲು ಸಹಕರಿಸಿದರು. 2011ರಲ್ಲಿ ಬಿಲ್ ಗೇಟ್ಸ್, ವಾರೆನ್ ಬಫೆಟ್ ಆರಂಭಿಸಿದ ದಾನದ ಪ್ರತಿಜ್ಞೆಗೆ ಸಹಿ ಹಾಕಿದರು. ಆ ಇಬ್ಬರೂ ಫೀನಿಯವರನ್ನು ತಮ್ಮ ಮಾದರಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಗುಟ್ಟಿಗಿಂತ ಮುಖ್ಯವಾದದ್ದು ಅವರು ಕೊಟ್ಟ ರೀತಿ. ಚೆಕ್ಕು ಬರೆದು ಕೈತೊಳೆದುಕೊಂಡವರಲ್ಲ ಅವರು. ಐರ್ಲೆಂಡಿನ ಲಿಮೆರಿಕ್ ವಿಶ್ವವಿದ್ಯಾಲಯಕ್ಕೆ, ವಿಯೆಟ್ನಾಮಿನ ಡಾ ನಾಂಗ್ ಮತ್ತು ಹುಯೆ ಊರುಗಳ ಆಸ್ಪತ್ರೆಗಳಿಗೆ, ಆಸ್ಟ್ರೇಲಿಯಾದ ಸಂಶೋಧನಾ ಕೇಂದ್ರಗಳಿಗೆ ಸ್ವತಃ ಹೋಗಿ, ಅಲ್ಲಿ ನಡೆದಾಡಿ, ಕೆಲಸ ಮಾಡಬಲ್ಲ ಮನುಷ್ಯ ಯಾರು ಎಂದು ಗುರುತಿಸಿ, ಆಮೇಲೆ ಹಣ ಕೊಟ್ಟರು. ಐರ್ಲೆಂಡಿನಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆಗೆ ನಾವು ಇಷ್ಟು ಹಾಕುತ್ತೇವೆ, ಸರ್ಕಾರವೂ ಹಾಕಲಿ ಎಂದು ಕೇಳಿ, 1998ರಿಂದ ಸರ್ಕಾರವೇ ಆ ಕೆಲಸಕ್ಕೆ ದೊಡ್ಡ ಮೊತ್ತ ತೆಗೆದಿಡುವಂತೆ ಮಾಡಿದರು. ವ್ಯಾಪಾರದಲ್ಲಿ ಅಂಗಡಿಯ ಜಾಗ ನೋಡಿದ ಕಣ್ಣಿನಿಂದಲೇ ದಾನದ ಜಾಗವನ್ನೂ ನೋಡಿದರು. ತಾವು ಓದಿದ ಕಾರ್ನೆಲ್‌ಗೆ ಒಟ್ಟಾರೆ 100 ಕೋಟಿ ಡಾಲರಿಗೆ ಸಮೀಪದಷ್ಟು ಕೊಟ್ಟರು. ಅದರಲ್ಲಿ 2011ರಲ್ಲಿ ನ್ಯೂಯಾರ್ಕಿನ ಹೊಸ ತಾಂತ್ರಿಕ ಕ್ಯಾಂಪಸ್ಸಿಗೆ ಕೊಟ್ಟ 35 ಕೋಟಿಯೂ ಸೇರಿದೆ.

ಆಮೇಲೆ ಅವರು ದೊಡ್ಡ ದತ್ತಿ ಸಂಸ್ಥೆಗಳು ಸಾಮಾನ್ಯವಾಗಿ ಮಾಡದ ಒಂದು ನಿರ್ಧಾರಕ್ಕೆ ಬಂದರು: ಫೌಂಡೇಶನ್ ಶಾಶ್ವತವಾಗಿ ಇರಬಾರದು. ಇರುವ ಹಣವನ್ನೆಲ್ಲ ಕೊಟ್ಟು ಮುಗಿಸಲು ಗಡುವು ಹಾಕಿಕೊಂಡರು. ಕೊನೆಯ ಅನುದಾನ ಹೋದದ್ದು 2016ರಲ್ಲಿ. 2020ರ ಸೆಪ್ಟೆಂಬರ್ 14ರಂದು ಸಂಸ್ಥೆಯನ್ನು ವಿಸರ್ಜಿಸುವ ಕಾಗದಕ್ಕೆ ಸಹಿ ಮಾಡಿದರು. ಅಲ್ಲಿಯವರೆಗೆ ಕೊಟ್ಟ ಮೊತ್ತ 800 ಕೋಟಿ ಡಾಲರ್. ಆಗ ಅವರು, ಅವರ ಪತ್ನಿ ಹೆಲ್ಗಾ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಬಾಡಿಗೆ ಮನೆಯಲ್ಲಿದ್ದರು. ಕೈಯಲ್ಲಿ ಹದಿನೈದು ಡಾಲರಿನ ಕ್ಯಾಸಿಯೊ ಗಡಿಯಾರ. ಕಾಗದಪತ್ರ ಒಯ್ಯಲು ಪ್ಲಾಸ್ಟಿಕ್ ಚೀಲ. 2023ರ ಅಕ್ಟೋಬರ್ 9ರಂದು, 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಭಯದ ವಿಷಯ. ಫೀನಿಯವರಿಗೆ ಐವರು ಮಕ್ಕಳು. ರಜೆಯಲ್ಲಿ ಅವರೂ ದುಡಿಯಬೇಕು ಎಂಬುದು ಮನೆಯ ನಿಯಮವಾಗಿತ್ತು ನಿಜ. ಆದರೆ ಎಲ್ಲವನ್ನೂ ಕೊಟ್ಟರು ಎಂಬ ಮಾತಿನ ಹಿಂದೆ ಮೊದಲ ಪತ್ನಿಗೂ ಮಕ್ಕಳಿಗೂ ಮಾಡಿದ ಪ್ರತ್ಯೇಕ ಏರ್ಪಾಡು ಇತ್ತು. ತಮ್ಮ ಮುಪ್ಪಿಗೂ ಸುಮಾರು 20 ಲಕ್ಷ ಡಾಲರ್ ತೆಗೆದಿಟ್ಟಿದ್ದರು. ಅಂದರೆ ಮನೆಯವರಿಗೆ ಎಷ್ಟು, ತನಗೆ ಎಷ್ಟು ಎಂಬುದು ಇತ್ಯರ್ಥವಾಗಿತ್ತು. ನಿಮ್ಮ ತಂದೆಯವರೊಂದಿಗೆ ಈ ಮಾತನ್ನು ಆಡಲು ಸಂಕೋಚಪಡಬೇಡಿ. ನಿಮ್ಮ ತಾಯಿಯವರ ಹೆಸರು ನಿಮ್ಮ ಪತ್ರದಲ್ಲಿ ಒಮ್ಮೆಯೂ ಬಂದಿಲ್ಲ. ಅವರು ಇದ್ದರೆ ಅವರ ಮನೆ, ಅವರ ಔಷಧೋಪಚಾರ, ಅವರ ಕೈಖರ್ಚು ಮೊದಲನೆಯ ಸಾಲಿನಲ್ಲಿ ಬರಬೇಕು.

ಈಗ ಕಾನೂನಿನ ಮಾತು. ಫೀನಿ ಮಾಡಿದ್ದನ್ನು ಹಾಗೆಯೇ ಇಲ್ಲಿ ಮಾಡಲು ಬರುವುದಿಲ್ಲ. ನಮ್ಮ ಆದಾಯ ತೆರಿಗೆ ಕಾನೂನಿನ ಪ್ರಕಾರ ವಿನಾಯಿತಿ ಪಡೆಯುವ ಧರ್ಮಾರ್ಥ ಟ್ರಸ್ಟು ತನ್ನ ಹಣವನ್ನು ಕಾನೂನು ಹೆಸರಿಸಿದ ಕಡೆಗಳಲ್ಲಿ ಮಾತ್ರ ತೊಡಗಿಸಬಹುದು. ಖಾಸಗಿ ಕಂಪನಿಯ ಶೇರು ಆ ಪಟ್ಟಿಯಲ್ಲಿಲ್ಲ. ದಾನವಾಗಿ ಬಂದರೂ, ಬಂದ ಹಣಕಾಸು ವರ್ಷ ಮುಗಿದ ಮೇಲೆ ಒಂದು ವರ್ಷದೊಳಗೆ ಅವುಗಳನ್ನು ಮಾರಿ ಒಪ್ಪಿತ ರೂಪಕ್ಕೆ ತರಬೇಕು, ಇಲ್ಲದಿದ್ದರೆ ವಿನಾಯಿತಿಗೆ ಧಕ್ಕೆ ಬರುತ್ತದೆ. ಟಾಟಾ ಸನ್ಸ್ ಕಂಪನಿಯ ಸುಮಾರು 66 ಪ್ರತಿಶತ ಟಾಟಾ ಟ್ರಸ್ಟುಗಳ ಕೈಯಲ್ಲಿದೆಯಲ್ಲ ಎಂದು ನೀವು ಕೇಳಬಹುದು. ಸರ್ ರತನ್ ಟಾಟಾ ಟ್ರಸ್ಟು 1919ರದು, ಸರ್ ದೊರಾಬ್ಜಿ ಟಾಟಾ ಟ್ರಸ್ಟು 1932ರದು. ಅವು ಈ ನಿಯಮಗಳಿಗಿಂತ ಹಳೆಯವು. ಉದ್ಯಮಬಾಗದ ಫೌಂಡ್ರಿಯ ಶೇರುಗಳನ್ನು ಟ್ರಸ್ಟಿಗೆ ಕೊಟ್ಟರೆ ಟ್ರಸ್ಟು ಅವುಗಳನ್ನು ಯಾರಿಗೆ ಮಾರಬೇಕು? ಕೊಳ್ಳುವವರು ನೀವೇ ಆಗಬೇಕು, ಇಲ್ಲವೇ ಹೊರಗಿನವರು. ಅರವತ್ತು ಜನರ ಅನ್ನ ಆ ಉತ್ತರದ ಮೇಲೆ ನಿಂತಿದೆ. ಜೊತೆಗೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲಕ್ಕೆ ತಂದೆಯವರೇ ವೈಯಕ್ತಿಕ ಜಾಮೀನು ನಿಂತಿರುವ ಸಾಧ್ಯತೆ ಹೆಚ್ಚು. ಶೇರು ಕೈಬದಲಾಯಿಸುವ ಮೊದಲು ಬ್ಯಾಂಕಿನ ಒಪ್ಪಿಗೆ ಪಡೆಯಬೇಕಾಗುತ್ತದೆ. ಶೇರು ಹೋದರೂ ಜಾಮೀನು ತಾನಾಗಿ ಹೋಗುವುದಿಲ್ಲ.

ಹೆಸರು ಬೇಡ ಎಂಬುದಕ್ಕೂ ಒಂದು ಮಿತಿ ಇದೆ. ಗೋಡೆಯ ಮೇಲೆ, ಕರಪತ್ರದಲ್ಲಿ, ಸಮಾರಂಭದಲ್ಲಿ ಹೆಸರು ಬಾರದಂತೆ ನೋಡಿಕೊಳ್ಳಬಹುದು. ಆದರೆ ಟ್ರಸ್ಟಿನ ಲೆಕ್ಕದ ಪುಸ್ತಕದಲ್ಲಿ ಕೊಟ್ಟವರ ಹೆಸರು, ವಿಳಾಸ ಇರಲೇಬೇಕು. ಅವು ಇಲ್ಲದ ಅನಾಮಧೇಯ ದೇಣಿಗೆ ನಿಗದಿತ ಮಿತಿ ಮೀರಿದರೆ, ಶಿಕ್ಷಣಕ್ಕೆಂದು ನಡೆಯುವ ಟ್ರಸ್ಟಿನ ಮೇಲೆ 30 ಪ್ರತಿಶತ ತೆರಿಗೆ ಬೀಳುತ್ತದೆ. ಗುಪ್ತದಾನದ ಪುಣ್ಯಕ್ಕಾಗಿ ಮಕ್ಕಳ ಹಣದಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ಕಳೆದುಕೊಳ್ಳುವುದು ಬೇಡ.

ಜಮೀನಿನ ವಿಷಯ ಇನ್ನೂ ಸೂಕ್ಷ್ಮ. ನಾಲ್ಕು ಎಕರೆಯನ್ನು ತಂದೆಯವರು ಸ್ವಂತ ದುಡಿಮೆಯಿಂದ ಕೊಂಡಿದ್ದರೆ ಅವರು ಯಾರಿಗೆ ಬೇಕಾದರೂ ಕೊಡಬಹುದು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಧರ್ಮಕಾರ್ಯಕ್ಕೂ ಅದರ ಒಂದು ಚಿಕ್ಕ ಭಾಗವನ್ನಷ್ಟೇ ಕೊಡಬಲ್ಲರು, ಮತ್ತು ಹಿಂದೂ ಉತ್ತರಾಧಿಕಾರ ಕಾನೂನಿಗೆ ಆದ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು ಇದೆ. ನೀವು ಇಬ್ಬರು ಅಣ್ಣತಮ್ಮಂದಿರು ಎಂದು ಬರೆದಿದ್ದೀರಿ. ಅಕ್ಕತಂಗಿಯರಿದ್ದರೆ, ಮದುವೆಯಾಗಿ ಹೋಗಿದ್ದರೂ, ಅವರನ್ನು ಬಿಟ್ಟು ಈ ಮಾತುಕತೆ ನಡೆಸಬೇಡಿ. ಅಜ್ಜನಿಂದ ಬಂದದ್ದು ಎಂದ ಮಾತ್ರಕ್ಕೆ ಎಲ್ಲವೂ ಪಿತ್ರಾರ್ಜಿತ ಎನಿಸಿಕೊಳ್ಳುವುದಿಲ್ಲ. ಯಾವಾಗ, ಯಾವ ಕಾಗದದ ಮೂಲಕ ಬಂತು ಎಂಬುದರ ಮೇಲೆ ಅದು ನಿಂತಿದೆ. ಜಮೀನಿನ ಬಕ್ಷೀಸು ಪತ್ರವನ್ನು, ಅಂದರೆ ದಾನಪತ್ರವನ್ನು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಮತ್ತು ಒಮ್ಮೆ ಕೊಟ್ಟದ್ದನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲು ಬರುವುದಿಲ್ಲ.

ಹಾಗಾದರೆ ದಾರಿ ಯಾವುದು? ನಮ್ಮ ಭಾಗದಲ್ಲಿ ಕೊಟ್ಟವರ ಕೊರತೆ ಎಂದೂ ಇರಲಿಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯರು ಸಂಸ್ಥಾನದ ಆಸ್ತಿಯನ್ನು ಶಿಕ್ಷಣಕ್ಕೆಂದು ಬರೆದಿಟ್ಟರು. ಅವರ ಹೆಸರಿನ ಕಾಲೇಜು ಬೆಳಗಾವಿಯಲ್ಲಿದೆ. 1910ರಲ್ಲಿ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯನ್ನೂ, 1916ರಲ್ಲಿ ಏಳು ಜನ ಉತ್ಸಾಹಿಗಳು ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯನ್ನೂ ಕಟ್ಟಿದಾಗ ಅವುಗಳನ್ನು ಹೊತ್ತು ನಡೆದದ್ದು ದಾನಿಗಳ ಹಣ. ಇವು ಫೀನಿಯವರ ದಾರಿಗೆ ವಿರುದ್ಧವಾದ ದಾರಿ: ಶಾಶ್ವತವಾಗಿ ನಡೆಯಬೇಕಾದ ಸಂಸ್ಥೆಗಳು. ಜಮ್‌ಶೆಟ್‌ಜಿ ಟಾಟಾ 1898ರಲ್ಲಿ ಸಂಕಲ್ಪಿಸಿದ ವಿಜ್ಞಾನ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1909ರಲ್ಲಿ, ಅವರು ತೀರಿಕೊಂಡು ಐದು ವರ್ಷಗಳ ನಂತರ. ಅಜೀಂ ಪ್ರೇಮ್‌ಜಿಯವರು ನಡುವಿನ ದಾರಿ ಹಿಡಿದರು: ವಿಪ್ರೊದ 67 ಪ್ರತಿಶತದಷ್ಟು ಪಾಲಿನ ಆರ್ಥಿಕ ಲಾಭವನ್ನು 2019ರ ಹೊತ್ತಿಗೆ ದಾನಕ್ಕೆ ಮೀಸಲಿಟ್ಟರು, ಫೌಂಡೇಶನ್ನಿನ ಕೆಲಸವನ್ನು ಬದುಕಿರುವಾಗಲೇ ಮುಂದೆ ನಿಂತು ನಡೆಸಿದರು. 2024ರಲ್ಲಿ ಆ ಫೌಂಡೇಶನ್ ರಾಜ್ಯ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಿಂದಾಗಿ, ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಸರ್ಕಾರಿ ಶಾಲೆಯ ಮಕ್ಕಳಿಗೆ ಆರು ದಿನ ಸಿಗುವಂತಾಯಿತು. ಮೂರು ವರ್ಷಕ್ಕೆ 1,591 ಕೋಟಿ ರೂಪಾಯಿಗಳ ಯೋಜನೆ ಅದು. ನಿಮ್ಮ ಕಾರ್ಖಾನೆಯ ಕೆಲಸಗಾರರ ಮಕ್ಕಳನ್ನೇ ಕೇಳಿ ನೋಡಿ.

ನಿಮ್ಮ ತಂದೆಯವರ ಅಳತೆಗೆ ಹೊಂದುವ ಮಾದರಿಯನ್ನು ನಾನು ಕಂಡದ್ದು ಮಹಾಲಿಂಗಪುರ ಕಡೆಯ ಒಬ್ಬ ಬೆಲ್ಲದ ವ್ಯಾಪಾರಿಯಲ್ಲಿ. ಅವರು ಟ್ರಸ್ಟು ಕಟ್ಟಲಿಲ್ಲ. ಒಂದು ಹಾಸ್ಟೆಲ್ಲಿನ ಇಪ್ಪತ್ತು ಮಕ್ಕಳ ಊಟದ ಖರ್ಚನ್ನು ಪ್ರತಿ ವರ್ಷದ ಲಾಭದಿಂದ ಕೊಡುತ್ತಾರೆ. ತಿಂಗಳಿಗೆ ಎರಡು ಸಲ, ಹೇಳದೆ ಕೇಳದೆ, ಊಟದ ಹೊತ್ತಿಗೆ ಹೋಗುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ. ಅಡುಗೆಮನೆಗೆ ಹೋಗಿ ಬ್ಯಾಳಿಯ ಪಾತ್ರೆಯ ಮುಚ್ಚಳ ಎತ್ತಿ, ಸೌಟನ್ನು ತಳದವರೆಗೆ ಇಳಿಸಿ ಮೇಲೆತ್ತಿದರು; ಸೌಟಿನಿಂದ ಬರೀ ನೀರು ಸುರಿಯಿತು. ಯಾರನ್ನೂ ಗದರಿಸಲಿಲ್ಲ. ಮಕ್ಕಳ ಸಾಲಿನಲ್ಲಿ ಕುಳಿತು ಅದೇ ಸಾರಿನಲ್ಲಿ ರೊಟ್ಟಿ ಮುರಿದುಕೊಂಡು ಉಂಡು, ಮರುದಿನ ಬ್ಯಾಳಿಯನ್ನು ತಮ್ಮ ಅಂಗಡಿಯಿಂದಲೇ ಕಳಿಸುವ ಏರ್ಪಾಡು ಮಾಡಿದರು. ಇದಕ್ಕೆ ಎದುರಾಗಿ, ಬೈಲಹೊಂಗಲ ತಾಲೂಕಿನ ಒಂದು ಶಾಲೆಯಲ್ಲಿ ದಾನಿಯ ಮೃತ್ಯುಪತ್ರದ ಪ್ರಕಾರ ಕೊಂಡ ಕಂಪ್ಯೂಟರುಗಳನ್ನು ಲೆಕ್ಕ ಹಾಕಲು ಹೋಗಿದ್ದೆ. ಕೋಣೆಗೆ ಬೀಗ, ಬೀಗಕ್ಕೆ ತುಕ್ಕು. ಒಳಗೆ ಹನ್ನೆರಡು ಪೆಟ್ಟಿಗೆಗಳು ಅಂಟುಪಟ್ಟಿ ಬಿಚ್ಚದೆ ಕುಳಿತಿದ್ದವು. ಬಾಗಿಲ ಮೇಲೆ ದಾನಿಯ ಹೆಸರು ಮಾತ್ರ ಚೆನ್ನಾಗಿ ಹೊಳೆಯುತ್ತಿತ್ತು. ಕೊಟ್ಟವರು ಬದುಕಿದ್ದರೆ ಒಂದು ದಿನ ಬಂದು ಕೇಳುತ್ತಿದ್ದರು.

ಆದ್ದರಿಂದ ಶೇರುಗಳನ್ನು ಈಗ ಮುಟ್ಟಬೇಡಿ ಎಂಬುದೇ ನನ್ನ ಸಲಹೆ. ತಂದೆಯವರ ಪಾಲಿಗೆ ಬರುವ ಲಾಭಾಂಶದಲ್ಲಿ ತಮಗೂ ತಾಯಿಯವರಿಗೂ ಬೇಕಾದಷ್ಟನ್ನು ತೆಗೆದಿಟ್ಟು, ಉಳಿದದ್ದರಿಂದ ಎರಡು ವರ್ಷ ಒಂದೇ ಶಾಲೆಗೆ ಅಥವಾ ಹಾಸ್ಟೆಲ್ಲಿಗೆ ಕೊಡಲಿ. ತಿಂಗಳಿಗೊಮ್ಮೆ ತಾವೇ ಹೋಗಿ ನೋಡಲಿ. ದಾನವನ್ನು ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಮಾಡಲಿ. ಅವರು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಇದಕ್ಕೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದನ್ನು ತಿಳಿದೇ ಕೊಡಲಿ. ಫೌಂಡ್ರಿಯಲ್ಲಿ ಹೊಸ ಅಚ್ಚು ಮಾಡಿದಾಗ ಮೊದಲು ಒಂದೆರಡು ಕಾಸ್ಟಿಂಗ್ ತೆಗೆದು, ಒಡೆದು, ಒಳಗೆ ಗಾಳಿಗುಳ್ಳೆ ಇದೆಯೇ ಎಂದು ನೋಡಿದ ಮೇಲಲ್ಲವೇ ದೊಡ್ಡ ಆರ್ಡರು ಹಿಡಿಯುವುದು? ಅವರಿಗೆ ಈ ಮಾತು ನಾನು ಹೇಳುವುದಕ್ಕಿಂತ ಚೆನ್ನಾಗಿ ಗೊತ್ತು. ಎರಡು ವರ್ಷದ ನಂತರವೂ ಅವರ ಮನಸ್ಸು ಗಟ್ಟಿಯಾಗಿದ್ದರೆ, ಶೇರುಗಳಲ್ಲಿ ಎಷ್ಟು ಭಾಗವನ್ನು ನೀವು ಅಣ್ಣತಮ್ಮಂದಿರು ಯೋಗ್ಯ ಬೆಲೆಗೆ ಕೊಳ್ಳಬಲ್ಲಿರಿ ಎಂದು ಲೆಕ್ಕ ಹಾಕೋಣ. ಆ ಹಣ ಟ್ರಸ್ಟಿಗೆ ಹೋದರೆ ಕಾರ್ಖಾನೆಯೂ ಉಳಿಯುತ್ತದೆ, ಅವರ ಸಂಕಲ್ಪವೂ ಉಳಿಯುತ್ತದೆ. ಆ ಟ್ರಸ್ಟು ಶಾಶ್ವತವಾಗಿ ನಡೆಯಬೇಕೇ ಅಥವಾ ಹತ್ತು ವರ್ಷದಲ್ಲಿ ಎಲ್ಲವನ್ನೂ ಕೊಟ್ಟು ಮುಗಿಸಬೇಕೇ ಎಂಬುದನ್ನು ಅವರೇ ನಿರ್ಧರಿಸಲಿ. ಹತ್ತು ವರ್ಷ ಎಂದರೆ ನನಗೆ ಸಂತೋಷವೇ.

ಈ ವಾರ ನೀವು ಮಾಡಬೇಕಾದದ್ದು ಒಂದೇ ಕೆಲಸ. ಜಮಖಂಡಿ ಕಡೆಯ ಆ ನಾಲ್ಕು ಎಕರೆಯ ಉತಾರ (ಪಹಣಿ) ತೆಗೆಸಿ, ಅಜ್ಜನ ಕಾಲದ ವಾಟ್ನಿ ಪತ್ರ (ಆಸ್ತಿ ಪಾಲಾದ ಕಾಗದ) ಮನೆಯಲ್ಲಿದ್ದರೆ ಹುಡುಕಿ, ಎರಡನ್ನೂ ತಂದೆಯವರ ಮುಂದೆ ಇಡಿ. ಬ್ಯಾಂಕಿನ ಸಾಲಪತ್ರದ ಒಂದು ಪ್ರತಿಯೂ ಅದರ ಜೊತೆಗಿರಲಿ.